ತಾಂಡೇಲ ಪ್ರವಾಸ ಹೊರಟ ಮಳೆಗಾಲ

ನಮ್ಮವರು ಅಷ್ಟು ಬೇಗ "ಆತು" ಅಂದದ್ದೇ ನನಗೆ ಸರಿ ಕಾಣಲಿಲ್ಲ.

ಕುಮಟೆಯಿಂದ ಮಗಳು ಫೋನ್ ಮಾಡಿದ್ದಳು. ಅವಳ ಗಂಡ ದೊಡ್ಡದೊಂದು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಕೆಲಸದವರ ಮನೆಮಂದಿಗೆ ಕಡಿಮೆ ದರದಲ್ಲಿ ಒಂದು ಪ್ರವಾಸ ಕೊಡುತ್ತಾರಂತೆ, ಜೂನ್ ಕೊನೆಗೆ ಹಡಗು ನಾರ್ವೆಗೆ ಹೋಗುತ್ತದಂತೆ, ಅಲ್ಲಿ ಹಿಮದ ಗುಡ್ಡಗಳಂತೆ. "ಅಪ್ಪ, ನೀನು, ನಾನು, ಮೂರೂ ಜನ ಹೋಗ್ವ" ಅಂದಳು. ಎಷ್ಟು ದಿನ, ಎಂತ ಊಟ, ವೀಸಾ ಯಾರು ಮಾಡಿಸುತ್ತಾರೆ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಪಕ್ಕದಿಂದ "ಆತು" ಎಂದುಬಿಟ್ಟರು. ಹತ್ತಿರದ ಇಡಗುಂಜಿ ದೇವಸ್ಥಾನಕ್ಕೆ ಹೋಗಿ ಬರೋಣ ಎಂದರೆ ಬಸ್ಸಿನಲ್ಲಿ ಗದ್ದಲ ಎಂದು ಮೂರು ತಿಂಗಳು ಮುಂದೂಡುವ ಮನುಷ್ಯ ಇವರು.

ನಾನು ಸಂಶಯದವಳು, ಅದನ್ನು ಮುಚ್ಚಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು ಮೀನು ಮಾರಲು ಕೂತಳು ಎಂದು ಜನ ಆಡಿಕೊಂಡರೂ ಹೊನ್ನಾವರದ ಮೀನುಪೇಟೆಯಲ್ಲಿ ಇಪ್ಪತ್ತೈದು ವರ್ಷ ಕೂತಿದ್ದೇನೆ. ಬುಟ್ಟಿಯ ಮೇಲೆ ಹೊಳೆಯುವ ಬಂಗಡೆ ಜೋಡಿಸಿ ಅಡಿಗೆ ನಿನ್ನೆಯದನ್ನು ತುಂಬುವವರನ್ನು ದಿನಾ ಕಂಡಿದ್ದೇನೆ. ಕಿವಿರು ಎತ್ತಿ ನೋಡದೆ ಇಂದಿನವರೆಗೆ ಒಂದು ಮೀನೂ ಕೊಂಡದ್ದಿಲ್ಲ. ಮನುಷ್ಯರ ವಿಷಯದಲ್ಲೂ ನನ್ನದು ಅದೇ ಬುದ್ಧಿ.

ಸಂಶಯಕ್ಕೆ ಕಾರಣವೂ ಇತ್ತು. ನಮ್ಮವರು ಮೀನಿನ ಗುಂಪಿಗೆ ಸುತ್ತ ಬಲೆ ಬಿಟ್ಟು ಹಿಡಿಯುವ ಪರ್ಸಿನ್ ಬೋಟಿನ ತಾಂಡೇಲರು. ಬಲೆ ಎಲ್ಲಿ ಬಿಡಬೇಕು, ಬೋಟು ಯಾವ ಕಡೆ ತಿರುಗಬೇಕು ಎಂದು ಹೇಳುವ ಅಧಿಕಾರ ತಾಂಡೇಲನದು. ಕ್ಯಾಬಿನ್ನಿನ ಮೇಲೆ ನಿಂತು ನೀರಿನ ಬಣ್ಣ ನೋಡಿ, ಹಕ್ಕಿ ಇಳಿದದ್ದು ನೋಡಿ, ಕೆಳಗೆ ಮೀನಿನ ಗುಂಪು ಇದೆಯೋ ಇಲ್ಲವೋ ಅವನು ಹೇಳಬೇಕು. ಇಪ್ಪತ್ತಕ್ಕೂ ಹೆಚ್ಚು ಖಲಾಸಿಗಳು ಅವನ ಒಂದು ಕೂಗಿಗೆ ಓಡುತ್ತಾರೆ. ಅವರಲ್ಲಿ ನನ್ನ ಮಗನೂ ಒಬ್ಬ. ಕಳೆದ ಹಂಗಾಮಿನ ಕೊನೆಗೆ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಒಳಗೆ ಬರುವಾಗ ಬೋಟು ಮರಳ ದಿಬ್ಬಕ್ಕೆ ತಾಗಿ ವಾಲಿತ್ತು. ಅಲೆಯೊಂದು ಎತ್ತಿ ಈಚೆ ಹಾಕಿತು, ಉಳಿದರು. ಮೂವತ್ತು ವರ್ಷ ಕಣ್ಣುಮುಚ್ಚಿ ದಾಟಿದ ಅಳಿವೆ ಅದು. ಕೇಳಿದರೆ ನಮ್ಮವರು ಇಂಜಿನ್ ಕೈಕೊಟ್ಟಿತು ಅಂದರು. ಮಗ ನನ್ನ ಮುಖ ನೋಡದೆ "ಹೌದು, ಇಂಜಿನ್" ಅಂದ. ಆ "ಹೌದು" ನನಗೆ ಹಳಸಿದ ವಾಸನೆ ಹೊಡೆಯಿತು.

ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗಸ್ಟಿಗೆ ಬೋಟು ಮತ್ತೆ ಇಳಿಯುತ್ತದೆ. ಅಷ್ಟರೊಳಗೆ ಈ ಮನುಷ್ಯನಿಗೆ ಏನಾಗಿದೆ ಎಂದು ನನಗೆ ತಿಳಿಯಲೇಬೇಕಿತ್ತು, ಯಾಕೆಂದರೆ ಅದೇ ಅಳಿವೆಯಲ್ಲಿ ಅವರ ಹಿಂದೆ ನನ್ನ ಮಗ ಹೋಗುವವನಿದ್ದ.

ಏನೇನೋ ಊಹಿಸಿದೆ. ಕದ್ದು ಕುಡಿಯುತ್ತಾರೆಯೇ ಎಂದು ಅಂಗಿ ಮೂಸಿದೆ. ಬರೀ ಡೀಸೆಲ್ಲು ಮತ್ತು ಬೆವರು. ಎದೆನೋವು ಇರಬಹುದೇ ಎಂದು ಕಿಸೆ ತಡಕಿದೆ, ಮಾತ್ರೆ ಸಿಗಲಿಲ್ಲ. ಭಟ್ಕಳದ ಕಡೆ ಆಗಾಗ ಹೋಗುತ್ತಿದ್ದರು, ಅಲ್ಲಿಯ ತೆಂಗಿನಗುಂಡಿ ಬಂದರಿನಲ್ಲಿ ಬಲೆ ನೋಡುವುದಿದೆ ಎನ್ನುತ್ತಿದ್ದರು. ಅಲ್ಲಿಂದ ಬರುವ ಮೀನುಗಾರ್ತಿಯೊಬ್ಬಳನ್ನು ಉಪಾಯವಾಗಿ ಕೇಳಿದರೆ, "ನಿನ್ನ ಗಂಡ ಆ ಬದಿಗೆ ಬರದೇ ವರ್ಷ ಆಯ್ತಲೇ" ಅಂದಳು. ಈ ವಯಸ್ಸಿನಲ್ಲಿ ಇನ್ನೊಬ್ಬಳೇ ಎಂದು ಎರಡು ದಿನ ಸರಿಯಾಗಿ ಅನ್ನ ಹಾಕಲಿಲ್ಲ. ಹಾಕಿದ್ದನ್ನೂ ಸರಿಯಾಗಿ ತಿನ್ನುತ್ತಿರಲಿಲ್ಲ ಎಂಬುದು ಬೇರೆ ಮಾತು. ತಾರ್ಲೆ ಮೀನಿನ ಸಾರು ಎಂದರೆ ಜೀವ ಬಿಡುತ್ತಿದ್ದವರು ಈಚೆಗೆ ತಾರ್ಲೆ ಬೇಡ, ಬರೀ ಸಣ್ಣ ಮುಳ್ಳು, ಮುಳ್ಳು ಕಡಿಮೆಯ ಇಸ್ವಾಣ ಇದ್ದರೆ ಎರಡು ತುಂಡು ಹಾಕು ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ತಾರ್ಲೆ ತಿಂದ ಬಾಯಿಗೆ ಈಗ ಮುಳ್ಳು ಕಂಡಿತೇ?

ಕೇಳಿದರೆ ಬಾಯಿ ಬಿಡುವ ಜಾತಿ ಅಲ್ಲ. ಅದಕ್ಕೇ ನಾನೂ ನಾರ್ವೆಗೆ ಹೊರಟೆ. ಹತ್ತು ದಿನ ಒಂದೇ ಕೋಣೆಯಲ್ಲಿ ಇದ್ದಮೇಲೆ ಎಲ್ಲಿ ಅಡಗಿಸುತ್ತಾರೆ, ನೋಡೋಣ ಎಂದುಕೊಂಡೆ.

ಗೋವಾದಿಂದ ಮುಂಬಯಿ, ಅಲ್ಲಿಂದ ಜರ್ಮನಿ. ಅಲ್ಲಿಯ ಬಂದರಿನಲ್ಲಿ ಹಡಗು ಕಂಡಾಗ ಇದು ಹಡಗೇ ಎಂದು ನನಗೆ ಅನುಮಾನ ಬಂತು. ಕುಮಟೆಯ ಬಸ್‌ಸ್ಟ್ಯಾಂಡಿನ ಸುತ್ತಲಿನ ಕಟ್ಟಡಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೂ ಅಷ್ಟು ಎತ್ತರವಾಗಲಿಕ್ಕಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕೈಗೆ ಏನೋ ಔಷಧಿ ಸುರಿದರು, ಆಮೇಲೆ ಲೈಫ್‌ಜಾಕೆಟ್ ಎಲ್ಲಿದೆ, ಯಾವ ಬಾಗಿಲಿಂದ ಓಡಬೇಕು ಎಂದು ಕಲಿಸಿದರು. ಹತ್ತುವಾಗಲೇ ಮುಳುಗುವ ಪಾಠ ಹೇಳುವವರನ್ನು ಹೇಗೆ ನಂಬುವುದು? ಅದಕ್ಕಿಂತ ಹೆಚ್ಚಿನ ಸಂಶಯ ಅಲ್ಲಾಡದ ಸಮುದ್ರದ ಮೇಲೆ. ಲೋಟದ ನೀರು ಸಹ ತುಳುಕುವುದಿಲ್ಲ. ಊಟಕ್ಕೆ ಗುಲಾಬಿ ಬಣ್ಣದ ಮೀನು ಬಂತು, ತಲೆಯಿಲ್ಲ, ಚರ್ಮವಿಲ್ಲ, ವಾಸನೆಯೇ ಇಲ್ಲ. ಕಿವಿರು ಇಲ್ಲದ ಮೀನನ್ನು ಏನೆಂದು ಪರೀಕ್ಷಿಸಲಿ? ಅಳಿಯ ದಿನಕ್ಕೊಮ್ಮೆ ಬಿಳಿ ಅಂಗಿಯಲ್ಲಿ ಬಂದು, "ಅತ್ತೆ, ತಾಜಾ ಅದೆ, ನಾನೇ ಕೊಯ್ದದ್ದು" ಎಂದು ಹೇಳಿ ಓಡಿಹೋಗುತ್ತಿದ್ದ. ಅಲ್ಲಿ ಸೂರ್ಯ ಸಹ ಸರಿಯಾದ ಹೊತ್ತಿಗೆ ಮುಳುಗುತ್ತಿರಲಿಲ್ಲ.

ಚಳಿ ಮಾತ್ರ ಸುಳ್ಳಾಡಲಿಲ್ಲ. ಸೀರೆಯೊಳಗೆ ಪ್ಯಾಂಟು, ಸ್ವೆಟರಿನ ಮೇಲೆ ಮಗಳ ಜಾಕೆಟ್ಟು, ತಲೆಗೆ ಕುಮಟೆಯಲ್ಲಿ ಕೊಂಡ ಮಂಕಿ ಕ್ಯಾಪು. ಹಾಗಿದ್ದೂ ಮೂಗು ನನ್ನದೋ ಅಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು.

ಈ ಎಲ್ಲದರ ನಡುವೆ ನನ್ನ ಕಣ್ಣು ನಮ್ಮವರ ಮೇಲೇ. ಅವರು ಮಗಳ ಹಿಂದೆಯೇ ನಡೆಯುತ್ತಿದ್ದರು, ಅವಳು ಮೆಟ್ಟಿಲು ಬಂದಲ್ಲಿ ಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದಳು. ಮೂರು ಸಲ ಕೆಮ್ಮಿದಾಗ ನೆಗಡಿ ಎಂದುಕೊಂಡೆ. ನಾಲ್ಕನೆಯ ಸಲಕ್ಕೆ ನನ್ನ ಕಿವಿ ನೆಟ್ಟಗಾಯಿತು. ಅಪ್ಪ ಮಗಳ ನಡುವೆ ಏನೋ ಒಳಸಂಚು ಇದೆ, ನನ್ನನ್ನು ಹೊರಗಿಟ್ಟಿದ್ದಾರೆ ಎಂದು ಖಚಿತವಾಯಿತು. ಕೋಪ ಬಂತು. ಹೆತ್ತವಳು ನಾನು, ಗುಟ್ಟು ಮಾತ್ರ ಅಪ್ಪನ ಜೊತೆ.

ಐದನೆಯ ದಿನ ಹಡಗು ಎರಡು ಗುಡ್ಡಗಳ ನಡುವಿನ ನೀರಿಗೆ ನುಗ್ಗಿತು. ಎರಡೂ ಬದಿಗೆ ನೆತ್ತಿಯಲ್ಲಿ ಹಿಮ, ಕೆಳಗೆ ಕಪ್ಪುಹಸಿರು ನೀರು. ಡೆಕ್ಕಿನಲ್ಲಿ ಜನ ಒಮ್ಮೆಲೇ ಕೂಗಿದರು. ನಮ್ಮ ಎಡಗಡೆ, ಕಲ್ಲೆಸೆದರೆ ತಾಗುವಷ್ಟು ಹತ್ತಿರ, ತಿಮಿಂಗಿಲವೊಂದು ಬೆನ್ನೆತ್ತಿ ಉಸಿರು ಬಿಟ್ಟು ಮುಳುಗಿತು. ನಾನೇ ಬಾಯ್ತೆರೆದು ನಿಂತೆ. ನಮ್ಮವರೂ "ಓಹೋ" ಅಂದರು. ಆದರೆ ಅವರು ಅಂದದ್ದು ಎಲ್ಲರೂ ಅಂದಮೇಲೆ, ಅದೂ ತಿರುಗಿದ್ದು ನೀರಿನ ಕಡೆಗಲ್ಲ, ಕೂಗಿದ ಜನರ ಕಡೆಗೆ. ಸಮುದ್ರದಲ್ಲಿ ಮೈಲಿ ದೂರದ ಬಣ್ಣ ಹಿಡಿಯುವ ತಾಂಡೇಲನಿಗೆ ಪಕ್ಕದಲ್ಲಿ ಎದ್ದ ತಿಮಿಂಗಿಲ ಕಾಣಲಿಲ್ಲವೇ?

ಆಗ ನಾನು ಒಂದು ಕೆಲಸ ಮಾಡಿದೆ. ಜನ ಚದುರಿದ ಮೇಲೆ, ಮಗಳು ಕಾಫಿ ತರಲು ಹೋದಾಗ, ನೀರಿನ ಕಡೆ ಕೈ ತೋರಿಸಿ ಅಂದೆ, "ಅಲ್ಲಿ ನೋಡಿ, ಆ ಬಂಡೆ ಬುಡದಲ್ಲಿ, ನೀರ್ ಮೇಲೆ ಬಿಳಿ ಹಕ್ಕಿ ಸಾಲಾಗಿ ಕೂತ್ಕಂಡಿವೆ."

ಬಂಡೆ ಇತ್ತು. ಹಕ್ಕಿ ಒಂದೂ ಇರಲಿಲ್ಲ.

ಅವರು ಆ ಕಡೆ ತಿರುಗಿದರು. ಹಣೆಗೆ ಕೈ ಅಡ್ಡ ಹಿಡಿದು, ಬೋಟಿನ ಮೇಲೆ ನಿಂತಂತೆ ಕಾಲು ಅಗಲಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ಹ್ಞಾಂ, ಕಂಡೆ. ಕೂತ್ಕಂಡವೆ ಅಂದ್ರೆ ಅಡಿಗೆ ಮೀನದೆ. ಒಳ್ಳೇ ಗುಂಪೇ ಇರ್ಬೇಕು."

ಇಷ್ಟು ದಿನ ನಾನು ಹಿಡಿಯಬೇಕೆಂದು ಕಾದಿದ್ದ ಸುಳ್ಳು ಕೈಗೆ ಸಿಕ್ಕಿತ್ತು, ಸಿಕ್ಕದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಮಗಳು ಕಾಫಿ ಹಿಡಿದು ಬಂದಳು. "ನಿನ್ನ ಅಪ್ಪನ ಕಣ್ಣಿಗೆ ಎಂತ ಆಗಿದೆ?" ಎಂದು ನೇರವಾಗಿ ಕೇಳಿದೆ. ಅವಳು ಲೋಟ ಕೆಳಗಿಟ್ಟು ಅಲ್ಲೇ ಅತ್ತುಬಿಟ್ಟಳು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಯಂತೆ. ಬದಿಯಿಂದ ಶುರುವಾಗಿ ನಡುವಿಗೆ ಬರುತ್ತದಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ. ತೆಂಗಿನಗುಂಡಿ ಎಂದು ಹೇಳಿ ಹೋಗುತ್ತಿದ್ದುದು ಮಂಗಳೂರಿನ ಕಣ್ಣಾಸ್ಪತ್ರೆಗೆ. ಔಷಧಿಯ ಸೀಸೆ ಮಗನ ಬಳಿ ಇರುತ್ತಿತ್ತು, ಬೋಟಿನಲ್ಲಿ ಅವನೇ ಹನಿ ಹಾಕುತ್ತಿದ್ದ. ಪೂರ್ತಿ ಹೋಗುವ ಮೊದಲು ಅಪ್ಪನಿಗೆ ಒಂದು ದೊಡ್ಡ ಸಮುದ್ರ ತೋರಿಸಬೇಕು ಎಂದು ಮಗಳು ಈ ಪ್ರವಾಸ ಹೂಡಿದ್ದಳು.

"ಹಾಗಾದ್ರೆ ಕಳೆದ ಹಂಗಾಮಿಗೆ ಬೋಟ್ ನಡ್ಸಿದ್ದು ಯಾರು?" ಅಂದೆ.

ನಮ್ಮವರು ಕಂಬಿ ಹಿಡಿದು ನಿಂತಿದ್ದರು. "ಮಗ ಪಕ್ಕದಲ್ಲಿ ನಿಲ್ತಿದ್ದ," ಅಂದರು. "ಅವ ಸಣ್ಣಕೆ ಹೇಳ್ತಿದ್ದ, ನಾನು ದೊಡ್ಡಕೆ ಕೂಗ್ತಿದ್ದೆ. ಅಳಿವೆ ದಿನ ಹಗ್ಗ ಸಿಕ್ಕಾಕಂಡಿತ್ತು ಅಂತ ಅವ ಹಿಂದೆ ಹೋಗಿದ್ದ, ಅಷ್ಟೇ."

ಅಷ್ಟೇ ಅಂತೆ! ಗಂಡನಿಗೆ ಗೊತ್ತು, ಮಗನಿಗೆ ಗೊತ್ತು, ಮಗಳಿಗೆ ಗೊತ್ತು. ಊರಿಗೆಲ್ಲ ಕಿವಿರು ಎತ್ತಿ ನೋಡುವ ನಾನು ಸ್ವಂತ ಮನೆಯಲ್ಲಿ ಕುರುಡಿಯಾಗಿದ್ದೆ. "ನಂಗೆ ಯಾಕೆ ಹೇಳ್ಲಿಲ್ಲ?" ಎಂದು ನಾನು ಕೂಗಿದ್ದಕ್ಕೆ ಪಕ್ಕದ ಬಿಳಿಯರು ಕುರ್ಚಿ ಸರಿಸಿಕೊಂಡರು.

"ನಿಂಗೆ ಹೇಳಿದ್ರೆ ನೀ ಅವತ್ತೇ ನನ್ನ ಬೋಟಿಂದ ಇಳಿಸ್ತಿದ್ದೆ," ಅಂದರು.

"ಮತ್ತೆ? ಇಳಿಸ್ದೆ ಇರ್ತಾರಾ? ಅದ್ರಲ್ಲಿ ನನ್ನ ಮಗ ಅದಾನೆ."

"ಇನ್ನೊಂದೇ ಹಂಗಾಮು. ಈ ಒಂದ್ಸಲ ನಿಂತು ಇಳಿತೆ. ಎದುರಿಗೆ ಇದ್ದದ್ದು ಇನ್ನೂ ಕಾಣ್ತದೆ ನಂಗೆ. ಈಗ ಆ ಹಕ್ಕಿ ಕಾಣ್ಲಿಲ್ವಾ ನಾನು? ನೀನೇ ಹೇಳು, ಕಾಣ್ಲಿಲ್ವಾ?"

ಅವರ ದನಿಯಲ್ಲಿ ಗೆದ್ದವರ ಖುಷಿ ಇತ್ತು. ಹೌದು ಅಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಇಪ್ಪತ್ತೈದು ವರ್ಷ ಈ ಮನುಷ್ಯ ಬೋಟಿನ ಮೇಲೆ ನಿಂತು ತಂದ ಮೀನನ್ನು ಮಾರಿ ನಾನು ಮಕ್ಕಳನ್ನು ಬೆಳೆಸಿದ್ದೇನೆ. ಅವರ ಕಸುಬಿನಲ್ಲೇ ಅವರಿಗೆ ಬಲೆ ಒಡ್ಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಆ ಮರಳ ದಿಬ್ಬ ಕಣ್ಣ ಮುಂದೆ ಬಂತು.

"ಅಲ್ಲಿ ಹಕ್ಕಿ ಇರ್ಲೇ ಇಲ್ಲ," ಅಂದೆ.

ಅವರು ಮತ್ತೆ ಬಂಡೆಯ ಕಡೆ ನೋಡಿದರು. ಮಗಳ ಕಡೆ ತಿರುಗಿದರು, ಅವಳು ತಲೆ ಅಲ್ಲಾಡಿಸಿದಳು, ಅದು ಅವರಿಗೆ ಕಂಡಿತೋ ಇಲ್ಲವೋ. ಕುರ್ಚಿಗೆ ಕೈ ಚಾಚಿ ಕೂತರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹುಡ್ಗಂಗೆ ಫೋನ್ ಹಚ್ಚು," ಅಂದರು.

ಮಗಳು ಹಡಗಿನ ವೈಫೈ ಹಿಡಿದು ಹಚ್ಚಿಕೊಟ್ಟಳು. ಊರಲ್ಲಿ ಸಂಜೆಯಾಗಿತ್ತು. ಮಗ ಬಂದರಿನ ಶೆಡ್ಡಿನಲ್ಲಿ ಬಲೆ ಹೊಲಿಯುತ್ತಿದ್ದ, ತಗಡಿನ ಮೇಲೆ ಮಳೆ ಹೊಡೆಯುವ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು.

"ಆಗಸ್ಟಿಗೆ ನಾ ಬರೂದಿಲ್ಲ," ಅಂದರು ನಮ್ಮವರು. "ಕ್ಯಾಬಿನ್ ಮೇಲೆ ನೀನೇ ನಿಲ್ಲು."

"ಅಮ್ಮಂಗೆ ಗೊತ್ತಾಯ್ತಾ?" ಅಂದ ಮಗ.

"ಗೊತ್ತಾಯ್ತು. ಖಲಾಸಿಗಳಿಗೂ ಹೇಳ್ಬಿಡು. ನನ್ನ ಕಣ್ಣು ಹೀಗಾಗದೆ ಅಂತ ನಾನೇ ಹೇಳ್ಬೇಕಿತ್ತು. ಅವ್ರ ಜೀವ ಹಿಡ್ದು ಆಟ ಆಡ್ದಂಗಾಯ್ತು."

"ಅವ್ರಿಗೆ ಗೊತ್ತದೆ ಅಪ್ಪ," ಅಂದ ಮಗ. "ಅಳಿವೆ ದಿನಾನೇ ಗೊತ್ತಾಯ್ತು ಎಲ್ಲರಿಗೂ."

ನಮ್ಮವರು ಫೋನನ್ನು ಇನ್ನೂ ಹತ್ತಿರಕ್ಕೆ ಹಿಡಿದರು. "ಅದ್ರ ಮೇಲೂ ಹತ್ತು ದಿನ ಹೋಗಿದ್ವಲ್ಲ ನಾವು. ಎಲ್ಲಾರೂ ಬಂದಿದ್ರಲ್ಲ ಬೋಟಿಗೆ?"

"ಹೌದು," ಅಂದ ಮಗ. "ಎಲ್ಲಾರೂ ಹತ್ತಿದ್ರು."