ಎರಡನೇ ಪುಟದ ಫೋಟೋ

ಸಂಸ್ಥೆಯ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದು ನಾನು ಹಳಬ ಎಂಬ ಒಂದೇ ಕಾರಣಕ್ಕೆ. ಆ ಹೊತ್ತಿಗೆ ಶಿವಾಜಿನಗರದ ಹಳೆಯ ಕಟ್ಟಡ ಬಿಟ್ಟು ಇಂದಿರಾನಗರದ ಗಾಜಿನ ಕಟ್ಟಡಕ್ಕೆ ಬಂದಿದ್ದೆವು. ದಿನಪತ್ರಿಕೆ, ವಾರಪತ್ರಿಕೆ, ಸಿನಿಮಾ ಪತ್ರಿಕೆ, ಎರಡು ಟಿ.ವಿ. ಚಾನೆಲ್ಲು; ಇದ್ದದ್ದನ್ನೆಲ್ಲ ಬರೆದು ಬರೆದು ಸಾಕುಬೇಕಾಗಿತ್ತು. ಚಾನೆಲ್ ಶುರುಮಾಡುತ್ತೇವೆಂದು ನಮ್ಮ ಪತ್ರಿಕೆಯಲ್ಲಿ ಬಂದ ಮೊದಲ ಸುದ್ದಿ ಪುಸ್ತಕದಲ್ಲಿ ಇರಲೇಬೇಕೆಂದು ಮ್ಯಾನೇಜರ್ ಹಠ. ಸದ್ಯ, ಅದನ್ನು ಕತ್ತರಿಸಿ ಹಾಳೆಗೆ ಅಂಟಿಸಿಟ್ಟದ್ದು ಆಫೀಸಿನ ಲಕೋಟೆಯಲ್ಲೇ ಇತ್ತು.

ಪುಸ್ತಕದ ಸಮಾಚಾರ ತಿಳಿದು ಹಲಸೂರಿನಿಂದ ನಮ್ಮ ಹಳೆಯ ಕಂಪೋಸಿಟರ್ ಬಂದರು. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ ಪುಟ ಕಟ್ಟುತ್ತಿದ್ದವರು. ಕಂಪ್ಯೂಟರ್ ಬಂದು ಆ ವಿಭಾಗ ಮುಚ್ಚಿದಾಗ ಅಲ್ಲಿದ್ದ ಆರು ಜನರ ಫೋಟೋ ಎರಡನೇ ಪುಟದಲ್ಲಿ ಬಂದಿತ್ತು.

"ಸಾರ್, ಆ ಫೋಟೋ ಹಾಕಿ. ನಾನು ಕೆಲ್ಸ ಮಾಡ್ತಿರೋದು ಅಂತ ಇರೋದು ಅದೊಂದೇ. ನನ್ನ ಹತ್ರ ಇದ್ದಿದ್ದು ಸುಣ್ಣ ಹೊಡಿಸುವಾಗ ಹೋಯ್ತು. ಪೇಪರ್ ಕೈಯಲ್ಲೇ ಜೋಡಿಸ್ತಿದ್ವಿ ಅಂದ್ರೆ ಮೊಮ್ಮಗಳು ನಗ್ತಾಳೆ."

"ಹುಡುಕ್ತೀನಿ ಅಣ್ಣಾ," ಎಂದೆ.

ಹಳೆಯ ಸಂಪುಟಗಳನ್ನು ಕೆ.ಆರ್. ಪುರದ ಗೋದಾಮಿಗೆ ಸಾಗಹಾಕಿದ್ದರು. ಎರಡು ಬಸ್ಸು ಬದಲಿಸಿ ಹೋಗಿ, ಧೂಳಿಗೆ ಕೆಮ್ಮುತ್ತಾ ಮಧ್ಯಾಹ್ನದವರೆಗೆ ತಡಕಾಡಿದ ಮೇಲೆ ಆ ತಿಂಗಳ ಸಂಪುಟ ಸಿಕ್ಕಿತು. ಎರಡನೇ ಪುಟ ತೆರೆದರೆ ಫೋಟೋ ಇರಬೇಕಾದ ಜಾಗದಲ್ಲಿ ಚೌಕಾಕಾರದ ತೂತು.

ಯಾರ ಕೆಲಸವೆಂದು ಯೋಚಿಸಬೇಕಾಗಲಿಲ್ಲ. ಆಗ ಲೈಬ್ರರಿಯಲ್ಲಿ ಸುದ್ದಿ ಕತ್ತರಿಸಿ ಹಾಳೆಗೆ ಅಂಟಿಸುತ್ತಿದ್ದವನು ನಾನೇ. ದಿನಕ್ಕೆ ಎರಡು ಪ್ರತಿ ಬರುತ್ತಿದ್ದವು, ಒಂದು ಬೈಂಡಿಗೆ, ಒಂದು ಕತ್ತರಿಗೆ. ಅವತ್ತು ಕತ್ತರಿಯ ಪ್ರತಿಯನ್ನು ಯಾರೋ ಕ್ಯಾಂಟೀನಿಗೆ ಒಯ್ದಿದ್ದರು. ಮೆಟ್ಟಿಲಿಳಿದು ತರುವ ಸೋಮಾರಿತನಕ್ಕೆ ಬೈಂಡಿನ ಪ್ರತಿಗೇ ಕತ್ತರಿ ಹಾಕಿದ್ದೆ. ಮುಖಪುಟದ ಚಾನೆಲ್ ಸುದ್ದಿಯ ಹಿಂಬದಿಯಲ್ಲಿ ಏನಿದೆಯೆಂದು ತಿರುಗಿಸಿಯೂ ನೋಡಿರಲಿಲ್ಲ.

ಆಫೀಸಿಗೆ ಬಂದು ಲಕೋಟೆಯಿಂದ ಹಾಳೆ ತೆಗೆದು, ಒದ್ದೆ ಬಟ್ಟೆ ಒತ್ತಿ, ಚಾನೆಲ್ ಸುದ್ದಿಯ ಚೂರನ್ನು ಮೆಲ್ಲಗೆ ಬಿಡಿಸಿದೆ. ನಾನು ಧಾರಾಳವಾಗಿ ಬಳಿದಿದ್ದ ಗೋಂದು ಬಿಡಲಿಲ್ಲ. ಮುಖಗಳೆಲ್ಲ ಹಾಳೆಗೇ ಅಂಟಿ ಚಿಂದಿಯಾದವು. ಸುದ್ದಿಯ ಬೆನ್ನಿಗೆ ಉಳಿದದ್ದು ಮೊಳೆ ಪೆಟ್ಟಿಗೆಯ ಅಂಚು ಮತ್ತು ಯಾರದೋ ಮೊಣಕೈ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆ ವಾರ ಕಂಪೋಸಿಟರ್ ಮತ್ತೆ ಬಂದರು. "ಕತ್ತರಿಸಿದ್ದು ನಾನೇ ಅಣ್ಣಾ," ಎಂದು ಸುದ್ದಿಯ ಚೂರನ್ನು ಮಗುಚಿ ಕೈಗಿಟ್ಟೆ.

ಅವರು ಬಯ್ಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. "ಈ ಮೊಣಕೈ ನಂದೇ ಸಾರ್. ಪೆಟ್ಟಿಗೆ ಪಕ್ಕ ನಿಂತಿದ್ದೆ. ಇದನ್ನೇ ಕೊಡ್ತೀರಾ?"

ಅದು ಅವರದೇ ಎಂದು ನನಗೆ ನಂಬಿಕೆಯಿರಲಿಲ್ಲ. ಕೇಳಲು ಮುಖವೂ ಇರಲಿಲ್ಲ. ಕೊಟ್ಟುಬಿಟ್ಟೆ.

ಮರುದಿನ ಮ್ಯಾನೇಜರ್ ಮೇಜಿನ ಬಳಿ ಬಂದರು. "ಚಾನೆಲ್ ಸುದ್ದಿ ಎಲ್ರೀ?"

"ಎಲ್ಲಾ ಕಡೆ ಹುಡುಕ್ದೆ ಸಾರ್, ಸಿಗಲಿಲ್ಲ," ಎಂದೆ.