ಯಾರ ಕಾಲ್ಗುಣ

ಅಗರದ ದೊಡ್ಡಬಸಮ್ಮನ ಬಾಯಲ್ಲಿ ಬುದ್ಧಿ ಬಂದಾಗಿನಿಂದ ಇದ್ದದ್ದು ಒಂದೇ ಪ್ರಶ್ನೆ. ಹಸು ಕಂದು ಹಾಕಿದರೂ ಅದೇ, ಬಾವಿ ಬತ್ತಿದರೂ ಅದೇ. “ಇದು ಯಾರ ಕಾಲ್ಗುಣ?” ಯಾರು ಹೊಸಿಲು ದಾಟಿ ಬಂದದ್ದರಿಂದ ಈ ಕೇಡು ಬಂತು ಎಂದು. ಗಂಡ ರುದ್ರಸ್ವಾಮಿ ನಡುವಯಸ್ಸಿನಲ್ಲೇ ಕಣ್ಣು ಮುಚ್ಚಿದಾಗ, ಹಿಂದಿನ ವಾರ ಬಂದು ಹೋಗಿದ್ದ ನಾದಿನಿ ಉತ್ತರವಾಗಿ ಸಿಕ್ಕಿದಳು. ಅಣ್ಣನನ್ನು ಕಳೆದುಕೊಂಡ ಆ ಹೆಂಗಸಿಗೆ ಆಮೇಲೆ ಆ ಮನೆಯಲ್ಲಿ ಒಂದು ಲೋಟ ನೀರೂ ಹುಟ್ಟಲಿಲ್ಲ. ಇಂಥ ಪ್ರಶ್ನೆ ಕೇಳುವವರಿಗೆ ಒಂದು ಸುಖವಿದೆ, ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ.

ಕೊಳ್ಳೇಗಾಲದ ಸೀಮೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಮಗ ಷಡಕ್ಷರಿಗೆ ಅಜ್ಜೀಪುರದಲ್ಲಿ ಹೆಣ್ಣು ನೋಡಿದರು. ದೊಡ್ಡಬಸಮ್ಮ ಹುಡುಗಿಯ ಮುಖ ಸರಿಯಾಗಿ ನೋಡಲೇ ಇಲ್ಲ. ಅಂಗಳಕ್ಕೆ ನೀರು ಹಾಕಿಸಿ, ಹುಡುಗಿಯನ್ನು ನಡೆಸಿ, ಒದ್ದೆ ಹೆಜ್ಜೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಎಲೆ ಅಡಿಕೆ ಮುಟ್ಟಿದಳು. ಹುಡುಗಿಯ ಹೆಸರು ಶಿವರತ್ನಮ್ಮ.

ಆ ಮನೆಯ ಬದುಕು ನಿಂತಿದ್ದದ್ದು ರೇಷ್ಮೆ ಹುಳುವಿನ ಮೇಲೆ. ನಡುಮನೆಯ ತುಂಬ ಬಿದಿರ ತಟ್ಟೆಗಳು, ಅವುಗಳಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುಗಳು. ಒಂದೊಂದು ಬೆಳೆಗೂ ಮುಂಚೆ ತಟ್ಟೆಗಳಿಗೆ ಸಗಣಿ ಸಾರಿಸಬೇಕು, ಸಾರಿಸುವ ಕೈ ಮನೆಯ ಹಿರಿಯಳದೇ ಆಗಬೇಕು. ಗಂಡ ಸತ್ತ ಮೇಲೂ ದೊಡ್ಡಬಸಮ್ಮ ಆ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಕೊಟ್ಟಿಗೆಯ ಹಿಂದಿನ ತಿಪ್ಪೆಯ ಬದಿಯಿಂದ ಸಗಣಿ ಬಾಚಿ ತಂದು ತಾನೇ ಬಳಿಯುತ್ತಿದ್ದಳು.

ಸೊಸೆ ಬಂದ ಮೊದಲ ಮಳೆಗಾಲ. ಇನ್ನೇನು ಗೂಡು ಕಟ್ಟಬೇಕು ಅನ್ನುವಷ್ಟರಲ್ಲಿ ಹುಳುಗಳು ಬೆಳ್ಳಗೆ ಸೆಟೆದು ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿಯಾದವು. ಅದಕ್ಕೆ ಸುಣ್ಣಕಟ್ಟು ಅನ್ನುತ್ತಾರೆ. ದೊಡ್ಡಬಸಮ್ಮ ಸತ್ತ ಹುಳುವನ್ನೆಲ್ಲ ಗುಡಿಸಿ ಅದೇ ತಿಪ್ಪೆಗೆ ಸುರಿದು ಬಂದು ನಡುಮನೆಯಲ್ಲಿ ನಿಂತು ಕೇಳಿದಳು, “ಇದು ಯಾರ ಕಾಲ್ಗುಣ?” ಮನೆಯಲ್ಲಿ ಹೊಸ ಕಾಲು ಇದ್ದದ್ದು ಒಂದೇ ಜೊತೆ.

ಮುಂದಿನ ಬೆಳೆಗೆ ಅತ್ತೆ ತಟ್ಟೆ ಸಾರಿಸುತ್ತಿದ್ದಾಗ ಶಿವರತ್ನಮ್ಮ ಹತ್ತಿರ ಬಂದು ನಿಂತಳು. ಆಗ ಅವಳು ಬಸುರಿ.

“ಅತ್ತಮ್ಮ, ಸತ್ತ ಹುಳ ಸುರಿದಿರ ಜಾಗದಲ್ಲೇ ಸಗಣಿ ಬಾಚ್ತಿದ್ದೀವಲ್ಲ. ಈ ಹುಳಕ್ಕೆ ಏನಾಗ್ಯದೆ, ಎಲ್ಲಿಂದ ಬತ್ತಾ ಅದೆ ಅಂತ ಒಂಚೂರು ನೋಡಬ್ಯಾಡ್ವಾ?”

ಸಗಣಿ ಮೆತ್ತಿದ ಕೈಯಲ್ಲೇ ದೊಡ್ಡಬಸಮ್ಮ ಅವಳ ಕೆನ್ನೆಗೆ ಬಿಟ್ಟಳು. “ಕಾಲು ಕೆಟ್ಟೋಳು ಬಾಯಿ ಬುಡಬಾರ್ದು.”

ಷಡಕ್ಷರಿ ಜಗುಲಿಯ ಮೇಲಿದ್ದ. ಏಟಿನ ಸದ್ದು ಕೇಳಿಸಿತು, ಎದ್ದು ಹೊಲದ ಕಡೆ ಹೋದ. ಆ ಬೆಳೆಯೂ ಸುಣ್ಣವಾಯಿತು.

“ಒಂದು ಬೆಳ ಕೈಗೆ ಅತ್ತಗಂಟ ತವರ್ನಲ್ಲಿರವ್ವ,” ಎಂದಳು ದೊಡ್ಡಬಸಮ್ಮ, ಬಲು ಮೆತ್ತಗೆ. “ಬೆಳ ಬಂದ್ರೆ ಕರಸ್ಕತೀವಿ.” ಗಂಟು ಹೊತ್ತು ಕೊಳ್ಳೇಗಾಲದವರೆಗೆ ಬಂದ ಗಂಡನನ್ನು ಶಿವರತ್ನಮ್ಮ ಬಸ್ಸಿನ ಕಿಟಕಿಯಿಂದ, “ನೀವು ಬಂದು ಕರ್ಕತೀರ ತಾನೆ?” ಎಂದು ಕೇಳಿದಳು. ಅವನು, “ಅವ್ವನ್ನ ಕೇಳ್ತೀನಿ” ಅಂದ.

ಬೇಸಿಗೆ ಬಂತು. ಬಿಸಿಲಿಗೆ ಸುಣ್ಣಕಟ್ಟು ತಾನಾಗಿ ಅಡಗಿತು, ಗೂಡು ಚೆನ್ನಾಗಿ ಬಂತು. ಅಜ್ಜೀಪುರದಿಂದ ಗಂಡುಮಗುವಾದ ಸುದ್ದಿ ಬಂದದ್ದೂ ಆಗಲೇ. ಬೆಳೆ ಬಂದರೆ ಕರೆಸಿಕೊಳ್ಳುವ ಮಾತಾಗಿತ್ತಲ್ಲ, ದೊಡ್ಡಬಸಮ್ಮ ಗೂಡಿನ ರಾಶಿಯ ಮುಂದೆ ಕೂತು ಮಗನಿಗೆ ಹೇಳಿದಳು: “ನೋಡ್ದಾ? ಅವಳು ಓದ್ಲು, ಬೆಳ ಬಂತು. ಇನ್ನ ಯಾವ ಬಾಯಲ್ಲಿ ಕರದೀಯ?” ಬೆಳೆ ಕೆಟ್ಟರೆ ಕರೆಯುವ ಹಾಗಿಲ್ಲ, ಬಂದರೆ ಕರೆಯಲೇಬಾರದು. ಇಂಥ ನ್ಯಾಯ ಯಾವ ಕೋರ್ಟಿನಲ್ಲೂ ಸಿಗದು. ಷಡಕ್ಷರಿ ಮಗುವಿನ ಮುಖ ನೋಡಲೂ ಹೋಗಲಿಲ್ಲ.

ಎರಡನೆಯವಳಾಗಿ ಚನ್ನಾಜಮ್ಮ ಬಂದಳು. ಅವಳದೂ ಪಾದ ನೋಡಿಯೇ ತಂದದ್ದು. ಅವಳ ಪಾಲಿನ ಮಳೆಗಾಲವೂ ಬಂತು, ಹುಳುವೂ ಬೆಳ್ಳಗಾಯಿತು, ಒಂದು ಬೆಳೆ ಕೈಗೆ ಹತ್ತುವ ತನಕ ತವರಲ್ಲಿರು ಎಂಬ ಮಾತೂ ಆಯಿತು. ಚನ್ನಾಜಮ್ಮ ಶಿವರತ್ನಮ್ಮನಷ್ಟು ಸಾಧುವಲ್ಲ. ಹೊಸಿಲ ಮೇಲೆ ನಿಂತು, ಎರಡು ಕಾಲಿನ ಮಣ್ಣನ್ನೂ ಒಳಕ್ಕೆ ಕೊಡವಿ ಹೋದಳು.

ಆಮೇಲೆ ಆ ಮನೆಗೆ ಹೆಣ್ಣು ಕೊಡುವವರು ಬಹಳ ಕಾಲ ಇರಲಿಲ್ಲ. ತಾಯಿ ಮಗ ಇಬ್ಬರೇ. ಒಂದಷ್ಟು ಬೆಳೆ ಬಂದವು, ಒಂದಷ್ಟು ಹೋದವು. ಹೋದಾಗ ಎದುರುಮನೆಯವಳ, ಇಲ್ಲವೇ ಸೊಪ್ಪು ಕುಯ್ಯಲು ಬಂದ ಆಳಿನ ಕಾಲ ಮೇಲೆ ಹಾಕಿ ಮುಗಿಸಿದರು. ಕೊನೆಗೆ ಆ ಹೊಸಿಲು ತುಳಿಯುವುದನ್ನೇ ಜನ ಬಿಟ್ಟರು.

ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆ ಒಂದು ಜಡಿಮಳೆಯ ಕಾಲದಲ್ಲಿ ಮನೆ ತುಂಬಿದ್ದ ಹುಳು ಒಂದೂ ಬಿಡದೆ ಸುಣ್ಣವಾಯಿತು. ಷಡಕ್ಷರಿ ತಟ್ಟೆಗಳ ನಡುವೆ ನಿಂತಿದ್ದ, ತಲೆ ಅರ್ಧ ನರೆತಿತ್ತು.

“ಇದು ಯಾರ ಕಾಲ್ಗುಣವ್ವ?” ಎಂದ.

ಅವನದು ಕೊಂಕು ಮಾತಲ್ಲ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. ಬೇರೆ ಪ್ರಶ್ನೆಯನ್ನು ಅವನಿಗೆ ಕಲಿಸಿದವರು ಯಾರು? ದೊಡ್ಡಬಸಮ್ಮ ಬಾಗಿಲ ಕಡೆ ನೋಡಿದಳು. ಆ ವರ್ಷ ಆ ಬಾಗಿಲಲ್ಲಿ ಯಾರೂ ಬಂದಿರಲಿಲ್ಲ. ಮಗ ತನ್ನ ಪಾದವನ್ನೇ ನೋಡುತ್ತಿರುವುದು ಕಂಡು ಅವಳು ಮೆಲ್ಲಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಹೊಟ್ಟೆಯಲ್ಲಿ ಹುಟ್ಟಿದವನ ಕಣ್ಣಿಗೆ ಅವಳು ಹೆದರಿದ್ದು ಅದೇ ಮೊದಲು.

“ಒಂದು ಬೆಳ ಕೈಗೆ ಅತ್ತಗಂಟ ತವರ್ನಲ್ಲಿರವ್ವ,” ಎಂದ ಷಡಕ್ಷರಿ. “ಬೆಳ ಬಂದ್ರೆ ಕರಸ್ಕತೀನಿ.”

ಲೊಕ್ಕನಹಳ್ಳಿಯ ತವರಿನಲ್ಲಿ ಈಗ ಇದ್ದದ್ದು ಅಣ್ಣನ ಮಗ ಪುಟ್ಟಮಾದಪ್ಪ ಮತ್ತು ಅವನ ಹೆಂಡತಿ. ಮುದುಕಿ ಯಾಕೆ ಬಂದಳೆಂಬ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. “ಅತ್ತೆ, ಜಗಲಿ ಮೇಲೇ ಇರಿ, ಊಟ ಅಲ್ಲಿಗೇ ತತ್ತೀನಿ,” ಎಂದಳು ಹೆಂಡತಿ. ರಾಗಿ ಒಳಕ್ಕೆ ಬರುವ ದಿನ ಜಗುಲಿಯನ್ನೂ ಬಿಡಿಸಿ ಹುಣಸೆಮರದ ಕೆಳಗೆ ಕೂರಿಸಿದರು. ದೊಡ್ಡಬಸಮ್ಮನಿಗೆ ಅದು ಅನ್ಯಾಯವೆಂದು ಅನ್ನಿಸಲಿಲ್ಲ. ಮರದ ಬುಡದಲ್ಲಿ ಕೂತು ತನ್ನ ಪಾದವನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, ಯಾವ ಬೆರಳಲ್ಲಿ ಐಬಿದೆಯೆಂದು ಹುಡುಕುತ್ತಿದ್ದಳು.

ಅತ್ತ ಅಗರದಲ್ಲಿ ತಟ್ಟೆ ಸಾರಿಸಲು ಹಿರಿಯಳಿಲ್ಲ. ಹಳೆಯವು ಹೇಗೂ ಲಡ್ಡಾಗಿದ್ದವು. ಷಡಕ್ಷರಿ ಅವನ್ನು ಒಲೆಗೆ ಹಾಕಿ, ಕೊಳ್ಳೇಗಾಲದ ಮೇದರ ಹತ್ತಿರ ಹೊಸ ತಟ್ಟೆ ತಂದು ಬಿಸಿಲಲ್ಲಿ ಒಣಗಿಸಿದ. ಹುಳು ಒಂದೂ ಸಾಯಲಿಲ್ಲ. ತಿಪ್ಪೆಯ ಬದಿಯ ಸಗಣಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಕೇಡು ತಟ್ಟೆಗೆ ಹತ್ತಲಿಲ್ಲ, ಅಷ್ಟೇ. ಆದರೆ ಊರಿಗೆ ಊರೇ, ಮುದುಕಿ ಹೋದಳು ಬೆಳೆ ಬಂತು ಎಂದಿತು.

ಷಡಕ್ಷರಿ ಲೊಕ್ಕನಹಳ್ಳಿಗೆ ಬಂದ. ಜಗುಲಿಯ ಅಂಚಿನಲ್ಲಿ ಕೂತ.

“ಬೆಳ ಬಂತವ್ವ.”

“ನಾನು ಇಲ್ದೆ ಇದ್ದುದ್ಕೆ ಅಲ್ವಾ?”

“ಇನ್ನೇನು ಮತ್ತೆ.”

ತಾನು ಜೀವಮಾನವೆಲ್ಲ ನಂಬಿದ್ದು ಸುಳ್ಳಾಗಲಿಲ್ಲವಲ್ಲ ಎಂದು ಮುದುಕಿಗೆ ಒಂದು ಗಳಿಗೆ ಸಮಾಧಾನವೇ ಆಯಿತು. ಆಮೇಲೆ ಏನೋ ಚುಚ್ಚಿತು. “ಅಂಗಾದ್ರೆ ಶಿವರತ್ನಿ ಕಾಲು?” ಎಂದಳು.

“ಅವಳ ಮಾತ್ಯಾಕೆ ಈಗ. ಯಳಂದೂರಲ್ಲಿ ಒಂದು ಹೆಣ್ಣು ಗೊತ್ತಾಗ್ಯದೆ. ಅವಳು ಒಳಕ್ಕೆ ಬರುವಾಗ ನೀನು ಇರದು ಬ್ಯಾಡ, ಅದ್ನೇ ಯೋಳ್ಬುಟ್ಟು ಓಗಮಾ ಅಂತ ಬಂದೆ.”

ದೊಡ್ಡಬಸಮ್ಮ ಶಿವರತ್ನಮ್ಮನ ಮಾತನ್ನು ಮತ್ತೆ ಎತ್ತಲಿಲ್ಲ. ಮಗ ಎದ್ದು ಬಸ್ಸಿಗೆ ಹೊರಟಾಗ, ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದಿನಿಂದ ಕೇಳಿದಳು.

“ಹೆಣ್ಣಿನ ಪಾದ ನೋಡ್ದೇನ್ಲಾ, ಮೊಗ?”