ತಮ್ಮನಿಗೆ ಮೀಸೆ ಬರೆದ ದಿನ

ನನ್ನ ತಮ್ಮನಿಗೆ ಹೆಣ್ಣು ಗೊತ್ತಾಗಿದ್ದು ಅವನು ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ. ಹುಡುಗಿ ಬ್ರಹ್ಮಾವರದ ಕಡೆಯವಳು, ಅವಳೂ ಮೂರನೇ ವರ್ಷಕ್ಕೆ ಜ್ವರ ಬಂದು ಹೋದವಳು. ನನಗೆ ಬಂದ ಎರಡು ಸಂಬಂಧ ಮುರಿದಾಗ ಅಮ್ಮ ಜೋಯಿಸರಲ್ಲಿ ಕೇಳಿಸಿದಳು. ಮನೆಯ ಗಂಡು ಮದುವೆಯ ವಯಸ್ಸಿಗೆ ಬಂದು ಕಾಯುತ್ತಿದ್ದಾನೆ, ಅವನದು ಮೊದಲು ಆಗಲಿ ಎಂದರಂತೆ. ನಮ್ಮಲ್ಲಿ ಸತ್ತ ಮಕ್ಕಳೂ ವರ್ಷ ವರ್ಷ ಬೆಳೆಯುತ್ತಾರೆ. ಅವರಿಗೂ ಸಂಬಂಧ ಹುಡುಕಿ, ಸೀರೆ ಪಂಚೆ ಇಟ್ಟು ಮದುವೆ ಮಾಡುತ್ತಾರೆ. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅಮ್ಮನ ಮುಖದಲ್ಲಿ ಅಷ್ಟು ವರ್ಷಗಳ ಮೇಲೆ ಒಂದು ಗಡಿಬಿಡಿ ಕಂಡಿತ್ತು.

“ಹೆಣ್ಣಿನ ಮನೆಯವ್ರಿಗೆ ಗಂಡಿನ್ ಮುಖ ಕಾಣ್ಕ್ ಅಂಬ್ರ್. ನೀ ಚಿತ್ರ ಬರೀತ್ಯಲೆ, ಒಂದ್ ಬರ್ದ್ ಕೊಡ್” ಅಂದಳು.

ಬೈಂದೂರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಒಂದೇ ಹೂವಿನ ಅಂಚು ಕೂರಿಸುವುದು ನನ್ನ ಹೊಟ್ಟೆಪಾಡು. ಬಿಡುವಿನಲ್ಲಿ ಒಂದು ಕಾಮಿಕ್ಸ್ ಬರೆದು ಮೊಬೈಲಿನಲ್ಲಿ ಹಾಕುತ್ತೇನೆ. ಅದರ ಸೂಪರ್‌ಹೀರೋ ಆರು ವರ್ಷದ ಹುಡುಗ. ಖಾಕಿ ಚಡ್ಡಿ, ಕುತ್ತಿಗೆಗೆ ಗಂಟು ಹಾಕಿ ಬೆನ್ನಿಗೆ ಇಳಿಬಿಟ್ಟ, ಮೈ ಒರೆಸುವ ಕೆಂಪು ಬೈರಾಸು. ಎಲ್ಲಿ ಯಾರು ಮುಳುಗಿದರೂ ಅಲ್ಲಿಯ ನೀರಿನಿಂದ ಎದ್ದು ಬಂದು ಎತ್ತಿ ದಡಕ್ಕೆ ಹಾಕುತ್ತಾನೆ. ಆಮೇಲೆ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ. ಅವನ ಕೂದಲಿನ ನೀರು ಗಂಜಿಗೆ ತೊಟ್ಟಿಕ್ಕುತ್ತದೆ. ಅಪ್ಪ, ಅಮ್ಮ, ಅಕ್ಕ ಯಾರೂ ಅವನತ್ತ ನೋಡುವುದಿಲ್ಲ. ಓದುವವರು ‘ಭಯಂಕರ, ಸೂಪರ್’ ಎಂದು ಬರೆಯುತ್ತಾರೆ. ಅಷ್ಟು ಭಯಂಕರವಾದದ್ದು ನನಗೆ ಹೇಗೆ ಹೊಳೆಯುತ್ತದೆ ಎಂದು ಕೇಳುತ್ತಾರೆ.

ಹೊಳೆದದ್ದಲ್ಲ. ನನಗೆ ಒಂಬತ್ತು, ಅವನಿಗೆ ಆರು. ಅಪ್ಪನ ಬೈರಾಸನ್ನು ಅವನ ಕುತ್ತಿಗೆಗೆ ಕಟ್ಟಿದವಳು ನಾನು. “ಈಗ ನಿಂಗೆ ಶಕ್ತಿ ಬಂತ್, ನೀರೊಳ್ಗೂ ಉಸ್ರಾಡುಕಾತ್ತ್” ಎಂದವಳೂ ನಾನು. ಅವನು ನಂಬಿದ. ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದ. ಮನೆ ಹಿಂದಿನ ಕೆರೆಗೆ ಹಾರಿದವನು ಮೇಲೆ ಬರಲಿಲ್ಲ. ಬೈರಾಸು ಅಡಿಯ ಗೂಟಕ್ಕೆ ಸಿಕ್ಕಿಕೊಂಡಿತ್ತು. ನಾನು ಓಡಿ ಬಂದು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದೆ, ಕೇಳಿದವರಿಗೆಲ್ಲ ನಿದ್ದೆ ಬಂದಿತ್ತು ಎಂದೆ. ಮಗು ತಾನೇ ಕಟ್ಟಿಕೊಂಡು ಹಾರಿತು ಎಂದು ಊರು ನಂಬಿತು. ಗುರುತು ಪರಿಚಯ ಇಲ್ಲದವರಿಗೆ ಚಿತ್ರದಲ್ಲಿ ಹೇಳಿದೆ, ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಅವಳಿಗೆ ಉಳಿದ ಒಂದು ಮಗುವೂ ಇಲ್ಲದಂತಾಗುತ್ತದೆ ಎಂಬ ಹೆದರಿಕೆ.

ಮದುಮಗನನ್ನು ಬರೆಯಲು ಕೂತರೆ ಕೈಗೆ ಬರುವುದು ಆ ಹುಡುಗನೇ. ಮೂರು ದಿನ ಒದ್ದಾಡಿ, ಭಾನುವಾರ ಮಧ್ಯಾಹ್ನ ಇದ್ದದ್ದನ್ನೇ ಅಮ್ಮನ ಮುಂದೆ ಇಟ್ಟೆ. ಅವಳು ಆಗಷ್ಟೇ ಬಂಗುಡೆ ಕೊಯ್ದು ಮುಗಿಸಿದ್ದಳು. ಕೈ ಸೆರಗಿಗೆ ಒರೆಸಿಕೊಂಡು ಕಾಗದ ಎತ್ತಿಕೊಂಡಳು.

“ಎಂತ ಮಾರಾಯ್ತಿ ಇದ್? ಅವ್ನಿಗೀಗ ಇಪ್ಪತ್ತಾರ್ ವರ್ಷ. ಮದಿ ಗಂಡಿಗೆ ಚಡ್ಡಿ ಹಾಕ್ಸಿದ್ಯಲೆ!”

ನನಗೆ ನಗು ಬಂತು. ಅಮ್ಮ ನಗಲಿಲ್ಲ. ಅವಳ ಬೆರಳು ಚಿತ್ರದ ಕುತ್ತಿಗೆಯ ಹತ್ತಿರ ನಿಂತಿತ್ತು. ನನಗೆ ಗೊತ್ತಿಲ್ಲದೆಯೇ ನಾನು ಆ ಗಂಟನ್ನು ಇದ್ದ ಹಾಗೇ ಬರೆದುಬಿಟ್ಟಿದ್ದೆ. ಅದು ಬಲೆಯ ಗಂಟು, ನೆನೆದಷ್ಟೂ ಬಿಗಿಯಾಗುವಂಥದ್ದು. ಅಪ್ಪ ಬಲೆ ಕಟ್ಟುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ನನಗೊಬ್ಬಳಿಗೆ.

“ಅವ್ನಿಗೆ ಈ ಗಂಟ್ ಹಾಕುಕೆ ಬತ್ತಿರ್ಲಿಲ್ಲೆ” ಅಂದಳು ಅಮ್ಮ.

ನಾನು ಕಾಗದಕ್ಕೆ ಕೈ ಚಾಚಿದೆ. ಅವಳು ಬಿಡಲಿಲ್ಲ.

“ಮೇಲೆ ತಂದ್ ಮಲ್ಗ್ಸ್ದಾಗ್ಳೇ ಕಂಡೆ. ಬಿಚ್ಚುಕೆ ಆಯ್ಲಿಲ್ಲೆ, ಮೀನ್ ಕತ್ತಿ ತಂದ್ ಕೊಯ್ದೆ. ನಿನ್ನಪ್ಪ ದೋಣಿಂದ ಬಪ್ಪುಕ್ ಮುಂಚೆ ಬಚ್ಚಲ ಒಲಿಗ್ ಹಾಕ್ದೆ. ಕಲ್ಸಿದ್ದ್ ಅವ್ರಲ್ದಾ? ಕಂಡಿದ್ರೆ ಅವ್ರ್ ಬದ್ಕುತಿರ್ಲಿಲ್ಲೆ.”

ಇಪ್ಪತ್ತು ವರ್ಷ ಅವಳು ನನಗೆ ಜಡೆ ಹಾಕಿದ್ದಾಳೆ, ಬೈದಿದ್ದಾಳೆ, ಮೀನಿನ ಒಳ್ಳೆಯ ತುಂಡು ನನ್ನ ಬಟ್ಟಲಿಗೇ ಹಾಕಿದ್ದಾಳೆ. ಎಲ್ಲ ಗೊತ್ತಿದ್ದೇ. ನಾನು ಅಳಲಿಕ್ಕೆ ಶುರು ಮಾಡಿದರೆ, “ಅಳುದ್ ಆಮೇಲೆ. ಹೆಣ್ಣಿನವ್ರಿಗೆ ನಾಳೆ ಕಳ್ಸುಕಿತ್ತ್” ಎಂದು ರಬ್ಬರನ್ನು ನನ್ನ ಕೈಗೆ ಕೊಟ್ಟಳು.

ಬೈರಾಸು ಅಳಿಸಿದೆ. ಭುಜ ಅಗಲ ಮಾಡಿದೆ, ಮೀಸೆ ಬರೆದೆ. ಮೀಸೆ ಬಂದದ್ದೇ ಅವನು ಅಪ್ಪನ ಹಾಗೆ ಕಂಡ. ಪ್ಯಾಂಟು, ಬಿಳಿ ಅಂಗಿ. ಅಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅಂಗಿಯ ಕಾಲರಿಗೆ ಬರುವ ಹೊತ್ತಿಗೆ ನನ್ನ ಕೈ ಹಿಡಿದಳು.

“ಮೇಲಿನ್ ಗುಂಡಿ ಹಾಕ್ಬೇಡ ಮಗಾ” ಅಂದಳು. “ಅವ್ನಿಗೆ ಬಿಗಿ ಆತ್ತ್.”